ಜೀನ್ಸ್ ಘಟಕಕ್ಕೆ ಯಾವ ತಂತ್ರಾಂಶ? ಬಿಲ್ ಸರಿಯಾಗಿದೆ, ಬಟ್ಟೆಯ ಲೆಕ್ಕ ಸಿಗುತ್ತಿಲ್ಲ

ಬಳ್ಳಾರಿ ನೀಲಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಜೀನ್ಸ್ ಘಟಕವಿದೆ. ಕಟಿಂಗ್, ಪ್ಯಾಕಿಂಗ್ ನಮ್ಮಲ್ಲೇ. ಹೊಲಿಗೆ ಅರ್ಧ ನಮ್ಮಲ್ಲಿ, ಅರ್ಧ ಹೊರಗೆ: ಕೌಲ್ ಬಜಾರಿನ ಕೆಲವು ಮನೆಗಳು, ರಾಯದುರ್ಗದ ಎರಡು ಘಟಕಗಳು. ವಾಷಿಂಗ್ ಪೂರ್ತಿ ಹೊರಗೆ. ಬಿಲ್ಲು, ಜಿಎಸ್‌ಟಿ, ಪಾರ್ಟಿಗಳ ಬಾಕಿ ಎಲ್ಲವೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ನಡೆಯುತ್ತಿದೆ. ತೊಂದರೆ ಇರುವುದು ಬಟ್ಟೆ ಬಂದ ದಿನಕ್ಕೂ ಮಾಲು ಹೋದ ದಿನಕ್ಕೂ ನಡುವೆ. ಆಗ ಯಾರ ಬಳಿ ಎಷ್ಟು ಪೀಸ್ ಇದೆ, 34ರ ಸೈಜ್ ಎಷ್ಟು ಉಳಿದಿದೆ ಎನ್ನುವುದೆಲ್ಲ ಕಟಿಂಗ್ ಮಾಸ್ಟರರ ಡೈರಿಯಲ್ಲಿ ಮತ್ತು ನನ್ನ ವಾಟ್ಸ್‌ಆ್ಯಪ್‌ನಲ್ಲಿ.

ಈಗ ಇಬ್ಬರು ಮಾರಾಟದವರು ಬಂದು ಹೋಗಿದ್ದಾರೆ. ಒಬ್ಬರದು ಉಡುಪಿನ ಕಂಪನಿಗಳಿಗೆಂದೇ ಮಾಡಿದ ದೊಡ್ಡ ಪ್ಯಾಕೇಜ್, ಇನ್ನೊಬ್ಬರದು ತಿಂಗಳ ಬಾಡಿಗೆಯದ್ದು. ಎರಡರ ಡ್ಯಾಶ್‌ಬೋರ್ಡೂ ನೋಡಲು ಚೆಂದ. 1,000 ಮೀಟರ್ ಡೆನಿಮ್, ಆವರೇಜ್ (ಒಂದು ಪ್ಯಾಂಟಿಗೆ ಹಿಡಿಯುವ ಬಟ್ಟೆ) 1.20 ಮೀಟರ್ ಎಂದು ಹಾಕಿದರೆ 833 ಪ್ಯಾಂಟ್ ಬರಬೇಕು ಎಂದು ತೋರಿಸುತ್ತದೆ. ನಮ್ಮ ಮಾಸ್ಟರ್ ಕೊಟ್ಟಿರುವುದು 800. ಉಳಿದ 33 ಎಲ್ಲಿ ಎಂದು ಅಪ್ಪ ಕೇಳಿದರು, ಮಾಸ್ಟರ್ ಕತ್ತರಿ ಕೆಳಗಿಟ್ಟು ಊಟಕ್ಕೆ ಹೋದವರು ಸಂಜೆಯವರೆಗೂ ಬರಲಿಲ್ಲ. ತಂತ್ರಾಂಶ ಇನ್ನೂ ಕೊಂಡಿಲ್ಲ, ಆಗಲೇ ಜಗಳ. ಬಳಸಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ಖಾತೆ ಪುಸ್ತಕ, ದಾವಣಗೆರೆ

ಟ್ಯಾಲಿಯನ್ನು ಎತ್ತಿ ಹಾಕಲು ಹೋಗಬೇಡಿ ಸರ್. ಉಡುಪಿನ ಪ್ಯಾಕೇಜ್ ಮಾರುವವರೆಲ್ಲ ಮೊದಲು ಹೇಳುವುದೇ ‘ಎಲ್ಲವೂ ಒಂದೇ ಕಡೆ’ ಎಂದು. ಗುಮಾಸ್ತರ ಕೈಗೆ ಕೂತಿರುವ ಖಾತೆಯನ್ನು ಕೆಡಿಸಿದರೆ ರಿಟರ್ನ್ ಹಾಕುವ ದಿನ ನನ್ನಂಥವರ ಬಾಗಿಲಿಗೆ ಬರುತ್ತೀರಿ.

ಟ್ಯಾಲಿಯಲ್ಲಿಯೇ ಜಾಬ್ ವರ್ಕ್ (ಹೊರಗೆ ಕೊಟ್ಟು ಮಾಡಿಸುವ ಕೆಲಸ) ಸೌಲಭ್ಯ ಇದೆ. ಮೆಟೀರಿಯಲ್ ಔಟ್, ಮೆಟೀರಿಯಲ್ ಇನ್ ಎಂಬ ವೋಚರ್‌ಗಳನ್ನು ಚಾಲೂ ಮಾಡಿಕೊಳ್ಳಿ. ಹೊರಗೆ ಹೊಲಿಯುವ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಗೋಡೌನ್ ತೆರೆಯಿರಿ. ಯಾರ ಬಳಿ ಎಷ್ಟು ಮಾಲು ಕೂತಿದೆ ಎನ್ನುವುದು ಅಷ್ಟಕ್ಕೇ ಸಿಗುತ್ತದೆ.

ಬಳ್ಳಾರಿ ನೀಲಿ

ಅದನ್ನು ಯೋಚಿಸಿದ್ದೆವು ಸರ್. ನಮ್ಮಲ್ಲಿ ಸುಮಾರು 40 ಡಿಸೈನ್, ಮೂರು ವಾಷ್, ಆರು ಸೈಜ್. ಎಲ್ಲ ಗುಣಿಸಿದರೆ 720 ಐಟಂ. ಗುಮಾಸ್ತರು ಪಟ್ಟಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಕಟಿಂಗ್ ಟೇಬಲ್, ಪೀಣ್ಯ

ತಂತ್ರಾಂಶದ ಮಾತು ಆಮೇಲೆ. ಮೊದಲು ನಿಮ್ಮ ಮಾಸ್ಟರರ ಮಾನ ಉಳಿಸೋಣ.

ನೀವು ಬಹುಶಃ 28ರಿಂದ 38ರವರೆಗಿನ ಆರು ಸೈಜಿಗೆ 1:1:2:2:1:1 ರೇಶಿಯೊದಲ್ಲಿ ಮಾರ್ಕರ್ (ಕತ್ತರಿಸಬೇಕಾದ ಭಾಗಗಳನ್ನು ಜೋಡಿಸಿದ ನಕ್ಷೆ) ಹಾಕುತ್ತೀರಿ. ಅಂದರೆ ಒಂದು ಮಾರ್ಕರ್‌ನಲ್ಲಿ ಎಂಟು ಪ್ಯಾಂಟ್. ಆವರೇಜ್ 1.20 ಆದರೆ ಮಾರ್ಕರ್ ಉದ್ದ 9.60 ಮೀಟರ್. ಲೇ (ಒಂದರ ಮೇಲೊಂದು ಬಟ್ಟೆಯ ಪದರ) ಹಾಸುವಾಗ ಎರಡೂ ತುದಿಯಲ್ಲಿ ಎರಡೆರಡು ಸೆಂಟಿಮೀಟರ್ ಬಿಡಲೇಬೇಕು, ಇಲ್ಲದಿದ್ದರೆ ಕೊನೆಯ ಭಾಗ ಕತ್ತರಿಗೆ ಸಿಗುವುದಿಲ್ಲ. ಹಾಗಾಗಿ ಒಂದು ಪದರಕ್ಕೆ 9.64. ನಿಮ್ಮ ರೋಲ್ ನೂರು ಮೀಟರಿನದ್ದು ಎಂದಿಟ್ಟುಕೊಳ್ಳಿ. ಒಂದು ರೋಲ್‌ನಲ್ಲಿ ಹತ್ತು ಪದರ ಬರುತ್ತದೆ, 96.40 ಮೀಟರ್ ಖರ್ಚು, 3.60 ಮೀಟರ್ ತುಂಡು ಉಳಿಯುತ್ತದೆ. ಹನ್ನೊಂದನೆಯ ಪದರಕ್ಕೆ ಅದು ಸಾಲುವುದಿಲ್ಲ. ಹತ್ತು ರೋಲ್ ಎಂದರೆ ನೂರು ಪದರ, 800 ಪ್ಯಾಂಟ್. ತುಂಡುಗಳು ಒಟ್ಟು 36 ಮೀಟರ್, ತುದಿಗೆ ಬಿಟ್ಟಿದ್ದು 4 ಮೀಟರ್. ಈ 40 ಮೀಟರನ್ನು 1.20ರಿಂದ ಭಾಗಿಸಿ ನೋಡಿ, ನಿಮ್ಮ 33 ಪ್ಯಾಂಟ್ ಸಿಗುತ್ತದೆ. ಯಾರೂ ಕದ್ದಿಲ್ಲ.

ಒಂದು ಗುಣಾಕಾರ, ಒಂದು ಭಾಗಾಕಾರ ಮಾಡಿ ಮನುಷ್ಯನನ್ನು ಕಳ್ಳನನ್ನಾಗಿಸುವ ಡ್ಯಾಶ್‌ಬೋರ್ಡಿಗೆ ಹಣ ಕೊಡಬೇಡಿ. ಬಟ್ಟೆಯನ್ನು ಮೀಟರಿನ ರಾಶಿಯಾಗಿ ನೋಡದೆ ರೋಲ್ ರೋಲ್ ಆಗಿ ನೋಡುವ ತಂತ್ರಾಂಶ ಬೇಕು. ಪ್ರತಿ ರೋಲಿಗೆ ಅದರದೇ ನಂಬರು, ಉದ್ದ, ಅಗಲ, ಶೇಡ್, ವಾಷ್ ಆದ ಮೇಲೆ ಎಷ್ಟು ಕುಗ್ಗುತ್ತದೆ ಎನ್ನುವುದು. ಕತ್ತರಿಸಿದ ಮೇಲೆ ಎಷ್ಟು ಪದರ ಬಂತು, ತುಂಡು ಎಷ್ಟು ಉಳಿಯಿತು. ಇಷ್ಟು ಬರೆಯಲು ಜಾಗ ಇದೆಯೇ ಎಂದು ಕೇಳಿ. ಹತ್ತರಲ್ಲಿ ಏಳು ಜನ ‘ರಿಮಾರ್ಕ್ಸ್ ಕಾಲಂನಲ್ಲಿ ಹಾಕಿಕೊಳ್ಳಿ’ ಎನ್ನುತ್ತಾರೆ. ಅಲ್ಲಿಗೆ ಚಹಾ ಕೊಟ್ಟು ಕಳುಹಿಸಿಬಿಡಿ.

ಬಳ್ಳಾರಿ ನೀಲಿ

ಅಣ್ಣಾ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತನಾಡಲಿಲ್ಲ, ಆದರೆ ಮಾಸ್ಟರನ್ನು ಕರೆದು ಉಳಿದ ತುಂಡುಗಳನ್ನು ತೋರಿಸು ಎಂದರು. ರೇಶಿಯೊ ನೀವು ಹೇಳಿದ್ದೇ.

ಹಳೆಯ ದಾರ

ಇಷ್ಟೆಲ್ಲ ಲೆಕ್ಕ ಮಾಸ್ಟರರ ಡೈರಿಯಲ್ಲಿ ಮೊದಲೇ ಇರುತ್ತದೆ. ಒಂದು ಉದ್ದ ರಿಜಿಸ್ಟರ್ ತಂದು, ರೋಲಿಗೊಂದು ಸಾಲು ಬರೆಸಿ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ವರ್ಷ ವರ್ಷ ಬಾಡಿಗೆ ಏಕೆ?

ಕಟಿಂಗ್ ಟೇಬಲ್, ಪೀಣ್ಯ

ರಿಜಿಸ್ಟರ್ ಇಲ್ಲದೆ ತಂತ್ರಾಂಶ ನಡೆಯುವುದಿಲ್ಲ, ಅದು ನಿಜ. ಆದರೆ ವ್ಯಾಪಾರಿ ಫೋನ್ ಮಾಡಿ ‘34 ಡಾರ್ಕ್ ವಾಷ್ ಅರವತ್ತು ಪೀಸ್ ಇದೆಯೇ’ ಎಂದಾಗ ರಿಜಿಸ್ಟರ್ ಬಾಯಿ ಬಿಡುವುದಿಲ್ಲ. ಮಾಸ್ಟರ್ ರಜೆಯಲ್ಲಿದ್ದರೆ ಅಕ್ಷರವನ್ನು ಓದುವವರೂ ಇರುವುದಿಲ್ಲ.

ಹಳೆಯ ದಾರ

ಫೋನ್ ಮಾಡಿದವರಿಗೆ ಹತ್ತು ನಿಮಿಷ ಬಿಟ್ಟು ಹೇಳುತ್ತೇನೆ ಎಂದರೆ ಯಾರೂ ಓಡಿಹೋಗುವುದಿಲ್ಲ. ಇರಲಿ, ನಿಮ್ಮ ನಿಮ್ಮ ಹಣ.

ಮುಕ್ತ ದಾರಿ, ಬೆಂಗಳೂರು

ನಾನು ಇಆರ್‌ಪಿನೆಕ್ಸ್ಟ್ ಎಂಬ ಉದ್ಯಮ ನಿರ್ವಹಣೆಯ ತಂತ್ರಾಂಶ ಅಳವಡಿಸುವ ಕೆಲಸ ಮಾಡುತ್ತೇನೆ, ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇದೆ ಎಂದೇ ಓದಿ. ಮುಂಬೈಯ ಫ್ರಾಪೆ ಸಂಸ್ಥೆ ಮಾಡಿದ್ದು, ಮುಕ್ತ ತಂತ್ರಾಂಶ, ಪರವಾನಗಿಗೆ ಹಣವಿಲ್ಲ.

720 ಐಟಂ ಬಗ್ಗೆ ಹೇಳುತ್ತೇನೆ. ಅಷ್ಟನ್ನೂ ಗುಮಾಸ್ತರು ಒಂದೊಂದಾಗಿ ಬರೆಯುವ ಅಗತ್ಯವಿಲ್ಲ. ಡಿಸೈನ್ ಒಂದು ಟೆಂಪ್ಲೇಟ್, ಅದಕ್ಕೆ ವಾಷ್, ಸೈಜ್ ಎಂಬ ಗುಣಗಳನ್ನು ಕೊಟ್ಟರೆ ವೇರಿಯಂಟ್‌ಗಳನ್ನು ಅದೇ ಹುಟ್ಟಿಸುತ್ತದೆ. ಜವಳಿ ಉದ್ಯಮಕ್ಕೆ ಇದು ಹೊಸ ಯೋಚನೆಯೇನೂ ಅಲ್ಲ, ಎಸ್‌ಎಪಿಯವರು ಉಡುಪು ಮತ್ತು ಪಾದರಕ್ಷೆಗೆಂದೇ ಎಎಫ್‌ಎಸ್ ಎಂಬ ಪ್ರತ್ಯೇಕ ಪ್ಯಾಕೇಜ್ ಮಾಡಿದ್ದು ಈ ಬಣ್ಣ–ಸೈಜ್ ಚೌಕದ ಕಾರಣಕ್ಕೇ. ರೋಲ್‌ಗಳನ್ನು ಬ್ಯಾಚ್ ಎಂದು ಹಾಕಿ, ಶೇಡ್ ಮತ್ತು ಕುಗ್ಗುವಿಕೆಗೆ ನಿಮಗೆ ಬೇಕಾದ ಕಾಲಂ ಸೇರಿಸಿಕೊಳ್ಳಬಹುದು. ಹೊರಗಿನ ಹೊಲಿಗೆಗೆ ಸಬ್‌ಕಾಂಟ್ರ್ಯಾಕ್ಟಿಂಗ್ ವ್ಯವಸ್ಥೆ ಇದೆ. ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ), ಇ-ಇನ್‌ವಾಯ್ಸ್‌ಗೆ (ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲಿಗೆ) ಇಂಡಿಯಾ ಕಂಪ್ಲಯನ್ಸ್ ಎಂಬ ಆ್ಯಪ್ ಜೋಡಿಸಬೇಕು.

ಆದರೆ ನಿಮ್ಮ ವ್ಯಾಪಾರದಲ್ಲಿ ಒಂದು ಗಂಟು ಇದೆ, ಅದನ್ನು ಯಾವ ತಂತ್ರಾಂಶ ತೆಗೆದುಕೊಂಡರೂ ಮೊದಲೇ ಬಿಡಿಸಿಕೊಳ್ಳಿ. ವಾಷ್‌ಗೆ ಹೋಗುವ ಮುನ್ನ ನಿಮ್ಮದು ಒಂದೇ ಮಾಲು, ಒಂದೇ ಲಾಟ್ (ಒಟ್ಟಿಗೆ ಕತ್ತರಿಸಿದ ಗುಂಪು). ವಾಷ್ ಆದ ಮೇಲೆ ಸ್ಟೋನ್, ಎಂಜೈಮ್, ಡಾರ್ಕ್ ಎಂದು ಮೂರು ಮಾಲು, ಮೂರು ಬೆಲೆ. ಆ ಕವಲಿನಲ್ಲಿ ಹಳೆಯ ಲಾಟ್ ನಂಬರ್ ಕಳೆದುಹೋದರೆ, ನಾಳೆ ‘ಈ ಪ್ಯಾಂಟಿನ ಬಣ್ಣ ಬಿಟ್ಟಿದೆ’ ಎಂದು ಮಾಲು ವಾಪಸ್ ಬಂದಾಗ ಅದು ಯಾವ ರೋಲಿನದು ಎಂದು ಹೇಳಲು ಆಗುವುದಿಲ್ಲ. ಡೆಮೊ ಕೊಡುವವರಿಗೆ ಇದನ್ನೇ ಮಾಡಿ ತೋರಿಸಲು ಹೇಳಿ.

ಖಾತೆ ಪುಸ್ತಕ, ದಾವಣಗೆರೆ

ಪರವಾನಗಿಗೆ ಹಣವಿಲ್ಲ, ಸರಿ. ಸರ್ವರ್‌ಗೆ? ಬ್ಯಾಕಪ್‌ಗೆ? ನಿಮಗೆ? ಮುಕ್ತ ತಂತ್ರಾಂಶ ಹಾಕಿಸಿಕೊಂಡು, ಹಾಕಿದ ಹುಡುಗ ಬೇರೆ ಕೆಲಸಕ್ಕೆ ಹೋದ ಮೇಲೆ ಪಾಸ್‌ವರ್ಡ್ ಹುಡುಕುತ್ತಿರುವ ಕಕ್ಷಿದಾರರು ನನಗೆ ಇದ್ದಾರೆ.

ಮುಕ್ತ ದಾರಿ, ಬೆಂಗಳೂರು

ಒಪ್ಪುತ್ತೇನೆ ಸರ್, ಕೂಲಿ ಇದೆ. ಸರ್ವರ್ ನೋಡಿಕೊಳ್ಳಲು ಆಗದಿದ್ದರೆ ಬಾಡಿಗೆ ಹೋಸ್ಟಿಂಗ್ ತೆಗೆದುಕೊಳ್ಳಬೇಕು. ಅಡ್ಮಿನ್ ಪಾಸ್‌ವರ್ಡ್ ಮತ್ತು ಪ್ರತಿ ದಿನದ ಬ್ಯಾಕಪ್ ಮಾಲೀಕರ ಕೈಯಲ್ಲಿಯೇ ಇರಬೇಕು ಎನ್ನುವುದು ಯಾವ ತಂತ್ರಾಂಶಕ್ಕಾದರೂ ಅನ್ವಯ. ಬಾಡಿಗೆಯದ್ದು ಕೊಂಡರೆ ಇನ್ನೊಂದು ಪ್ರಶ್ನೆ: ಬಾಡಿಗೆ ನಿಲ್ಲಿಸಿದ ದಿನ ನನ್ನ ಐಟಂ, ಸ್ಟಾಕ್, ಪಾರ್ಟಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಡುತ್ತೀರಾ? ಬರಹದಲ್ಲಿ ಕೊಡಿ ಎನ್ನಿ.

ತಿರುಪ್ಪೂರು ಕನ್ನಡಿಗ

ಇಲ್ಲಿ ನಿಟ್‌ವೇರ್ (ಹೆಣೆದ ಬಟ್ಟೆಯ ಉಡುಪು) ಘಟಕದಲ್ಲಿ ಮರ್ಚಂಡೈಸರ್ ಆಗಿದ್ದೇನೆ. ಒಂದು ಎಚ್ಚರಿಕೆ. ತಿರುಪ್ಪೂರಿನಲ್ಲಿ ಓಡುವ ಪ್ಯಾಕೇಜ್ ಬಳ್ಳಾರಿಯಲ್ಲೂ ಓಡುತ್ತದೆ ಎಂದು ನಂಬಬೇಡಿ. ನಮ್ಮದು ಕಿಲೋ ಲೆಕ್ಕ. ನೂಲು ಕಿಲೋದಲ್ಲಿ ನಿಟ್ಟಿಂಗ್‌ಗೆ ಹೋಗುತ್ತದೆ, ಬಟ್ಟೆ ಕಿಲೋದಲ್ಲಿ ಡೈಯಿಂಗ್‌ಗೆ, ಕಾಂಪ್ಯಾಕ್ಟಿಂಗ್‌ಗೆ ಹೋಗಿ ಬರುತ್ತದೆ, ಪ್ರತಿ ಹಂತದಲ್ಲೂ ಇಷ್ಟು ಶೇಕಡಾ ನಷ್ಟ ಎಂದು ಹಾಕಿಬಿಟ್ಟರೆ ಮುಗಿಯಿತು. ನಿಮ್ಮದು ಮೀಟರ್ ಮತ್ತು ರೋಲ್. ಕಿಲೋ ಲೆಕ್ಕಕ್ಕೆ ಕಟ್ಟಿದ ತಂತ್ರಾಂಶದಲ್ಲಿ ರೋಲಿನ ತುಂಡಿಗೆ ಜಾಗವೇ ಇರುವುದಿಲ್ಲ, ಎಲ್ಲವೂ ‘ವೇಸ್ಟೇಜ್’ ಎಂಬ ಒಂದೇ ಡಬ್ಬಕ್ಕೆ ಬೀಳುತ್ತದೆ.

ನಾವು ಕೊಂಡಾಗ ಮಾಡಿದ ಒಳ್ಳೆಯ ಕೆಲಸ ಒಂದೇ. ಮಾರಾಟದವರ ಮಾದರಿ ಡೇಟಾ ನೋಡಲು ಒಪ್ಪಲಿಲ್ಲ. ಆಗಲೇ ಮುಗಿದಿದ್ದ ನಮ್ಮದೇ ಒಂದು ಆರ್ಡರಿನ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಮುಂದಿಟ್ಟೆವು. ನೂಲಿನ ಬಿಲ್ಲಿನಿಂದ ಪ್ಯಾಕಿಂಗ್ ಲಿಸ್ಟಿನವರೆಗೆ ನಮ್ಮ ಮುಂದೆಯೇ ತುಂಬಿ ಎಂದೆವು. ಒಬ್ಬರು ಮಧ್ಯಾಹ್ನಕ್ಕೇ ಲ್ಯಾಪ್‌ಟಾಪ್ ಮುಚ್ಚಿದರು. ಇನ್ನೊಬ್ಬರು ಸಂಜೆಯವರೆಗೆ ಕೂತರು, ಎರಡು ಕಡೆ ಸಿಕ್ಕಿಕೊಂಡರು, ಎಲ್ಲಿ ಸಿಕ್ಕಿಕೊಂಡೆ ಎಂದು ತಾವೇ ಬರೆದುಕೊಟ್ಟರು. ಕೆಲಸ ಅವರಿಗೇ ಕೊಟ್ಟೆವು.

ಬಳ್ಳಾರಿ ನೀಲಿ

ಇದು ಚೆನ್ನಾಗಿದೆ. ಕಳೆದ ಹಬ್ಬದ ಲಾಟಿನ ಕಾಗದ ಎಲ್ಲವೂ ಇದೆ. ರಾಯದುರ್ಗಕ್ಕೆ ಮಾಲು ಕಳುಹಿಸಿದ ಚಲನ್‌ಗಳು ಮಾತ್ರ ಒಂದಷ್ಟು ಸಿಗುತ್ತಿಲ್ಲ.

ಖಾತೆ ಪುಸ್ತಕ, ದಾವಣಗೆರೆ

ರಾಯದುರ್ಗ ಎಂದಾಗಲೇ ಕೇಳಬೇಕೆಂದಿದ್ದೆ. ರಾಯದುರ್ಗ ಆಂಧ್ರಪ್ರದೇಶ. ಬಳ್ಳಾರಿಯವರಿಗೆ ಅದು ಪಕ್ಕದ ಊರು, ಜಿಎಸ್‌ಟಿಗೆ ಹೊರರಾಜ್ಯ. ಸಾಮಾನ್ಯವಾಗಿ 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ ಎನ್ನುತ್ತೇವೆ. ಜಾಬ್ ವರ್ಕ್‌ಗೆಂದು ಹೊರರಾಜ್ಯಕ್ಕೆ ಕಳುಹಿಸುವ ಮಾಲಿಗೆ ಆ ಗಡಿಯೇ ಇಲ್ಲ. ನಾಲ್ಕು ಬಂಡಲ್ ಕಳುಹಿಸಿದರೂ ಇ-ವೇ ಬಿಲ್ ಬೇಕು. ಚಲನ್ ಮಾಡಿದ ಕೂಡಲೇ ತಂತ್ರಾಂಶ ‘ಇದು ಹೊರರಾಜ್ಯ’ ಎಂದು ತಡೆಯಬೇಕು. ಆಟೊದವನು ಹೊರಟ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಜಾಬ್ ವರ್ಕ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ಎರಡೂ ಆಗದಿದ್ದರೆ ಕಳುಹಿಸಿದ ದಿನವೇ ನೀವು ಅದನ್ನು ಪೂರೈಸಿದಿರಿ ಎಂದು ಲೆಕ್ಕ ಹಾಕಿ ತೆರಿಗೆ ಕೇಳುತ್ತಾರೆ. ಇದರ ವಿವರ ಐಟಿಸಿ-04 ನಮೂನೆಯಲ್ಲಿ ಹೋಗುತ್ತದೆ. ವಹಿವಾಟು 5 ಕೋಟಿ ದಾಟಿದ್ದರೆ ಆರು ತಿಂಗಳಿಗೊಮ್ಮೆ, ಒಳಗಿದ್ದರೆ ವರ್ಷಕ್ಕೊಮ್ಮೆ. ಕಳೆದುಹೋದ ಚಲನ್‌ನ ಬೆಲೆ ಆಗ ಗೊತ್ತಾಗುತ್ತದೆ. 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ವ್ಯಾಪಾರಿಗಳ ನಡುವಿನ ಬಿಲ್ಲಿಗೆ ಇ-ಇನ್‌ವಾಯ್ಸ್ ಕೂಡ ಕಡ್ಡಾಯ.

ಸಿದ್ಧ ಉಡುಪು, ಹುಬ್ಬಳ್ಳಿ

ನಾವು ಕೊಳ್ಳುವ ಕಡೆಯವರು. ತಯಾರಕರಿಗೆ ಒಂದು ವಿನಂತಿ: ಬಾರ್‌ಕೋಡ್ ನೀವೇ ಹಾಕಿ ಕಳುಹಿಸಿ. ಬಳ್ಳಾರಿಯಿಂದ ಬರುವ ಮಾಲಿಗೆ ಅರ್ಧ ದಿನ ಸ್ಟಿಕ್ಕರ್ ಅಂಟಿಸುವುದೇ ನಮ್ಮ ಹುಡುಗರ ಕೆಲಸ. ಸೆಟ್ಟಿನಲ್ಲಿ 36 ಇಲ್ಲದೆ 34 ಎರಡು ಇಟ್ಟು ಕಳುಹಿಸುವುದನ್ನೂ ನಿಮ್ಮ ತಂತ್ರಾಂಶ ನಿಲ್ಲಿಸಿದರೆ ನಿಮಗೆ ಪುಣ್ಯ ಬರುತ್ತದೆ.

ಹಾಗೆಯೇ ಖಾತೆ ಪುಸ್ತಕ ಸರ್, ಒಂದು ಸಂಶಯ. ಬೆಲೆ 2,700 ರೂಪಾಯಿ, ತೆರಿಗೆ ಸೇರಿ ಎಂದು ಹಾಕಿದರೆ ನಮ್ಮ ಕೌಂಟರ್ ತಂತ್ರಾಂಶ ಒಮ್ಮೆ ಶೇ 5, ಒಮ್ಮೆ ಶೇ 18 ಹಾಕುತ್ತಿದೆ. ಕೆಟ್ಟಿದೆಯೇ?

ಖಾತೆ ಪುಸ್ತಕ, ದಾವಣಗೆರೆ

ಅದು ಕೆಟ್ಟಿಲ್ಲ, ನಿಮ್ಮ ಬೆಲೆ ಹಳ್ಳದಲ್ಲಿ ಬಿದ್ದಿದೆ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ಪೀಸ್ ಒಂದರ ಮಾರಾಟ ಮೌಲ್ಯ 2,500 ರೂಪಾಯಿವರೆಗೆ ಶೇ 5, ಮೇಲಾದರೆ ಶೇ 18. ಮೊದಲು ಗಡಿ 1,000 ರೂಪಾಯಿ ಇತ್ತು, ದರ 5 ಮತ್ತು 12.

ಈಗ ನಿಮ್ಮ 2,700 ತೆಗೆದುಕೊಳ್ಳಿ. ಶೇ 5 ಎಂದು ಒಳಗಿನ ತೆರಿಗೆ ಕಳೆದರೆ ಮೌಲ್ಯ 2,571. ಅದು 2,500 ದಾಟಿತು, ಹಾಗಾಗಿ ಶೇ 18 ಹಾಕಬೇಕು. ಶೇ 18 ಎಂದು ಕಳೆದರೆ ಮೌಲ್ಯ 2,288. ಅದು ಗಡಿಯೊಳಗೆ, ಹಾಗಾಗಿ ಶೇ 5 ಹಾಕಬೇಕು. ತಂತ್ರಾಂಶ ಎರಡರ ನಡುವೆ ಓಡಾಡುತ್ತಿದೆ ಅಷ್ಟೆ. 2,625 ದಾಟಿ 2,950ರವರೆಗಿನ ಎಲ್ಲ ಬೆಲೆಗಳಿಗೂ, ತೆರಿಗೆ ಸೇರಿಸಿ ಹೇಳಿದರೆ, ಇದೇ ಪಾಡು. ಆ ಅಂತರದಲ್ಲಿ ಬೆಲೆ ಇಡದೆ 2,625ರೊಳಗೆ ನಿಲ್ಲಿಸಿ, ಇಲ್ಲವೇ 2,950ರ ಮೇಲೆ ಹೋಗಿ. ರಿಯಾಯಿತಿ ಕೊಡುವಾಗಲೂ ನೋಡಿಕೊಳ್ಳಿ, ದರ ನಿಲ್ಲುವುದು ಬಿಲ್ಲಿನಲ್ಲಿ ಹಾಕಿದ ಮೌಲ್ಯದ ಮೇಲೆ, ಟ್ಯಾಗಿನ ಮೇಲೆ ಅಲ್ಲ.

ಸಿದ್ಧ ಉಡುಪು, ಹುಬ್ಬಳ್ಳಿ

ಅಯ್ಯೋ, 2,699 ಎಂದು ಟ್ಯಾಗ್ ಹೊಡೆಸಿಟ್ಟಿದ್ದೇವೆ.

ಬಳ್ಳಾರಿ ನೀಲಿ

ನಮ್ಮ ಜೀನ್ಸ್ ಆ ಬೆಲೆಗೆ ಹೋದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ ಸರ್. :) ಹುಬ್ಬಳ್ಳಿಯವರೇ, ಬಾರ್‌ಕೋಡ್ ಹಾಕಿ ಕಳುಹಿಸುತ್ತೇವೆ, ನೀವು ಬಾಕಿ ಸ್ವಲ್ಪ ಬೇಗ ಕಳುಹಿಸಿ.

ಖಾತೆ ಪುಸ್ತಕ, ದಾವಣಗೆರೆ

ಅದಕ್ಕೂ ಕಾನೂನು ಇದೆ. ಸೂಕ್ಷ್ಮ, ಸಣ್ಣ ಉತ್ಪಾದಕರಿಗೆ ಕೊಡಬೇಕಾದ ಹಣವನ್ನು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ಕೊಳ್ಳುವವರಿಗೆ ಆ ಖರ್ಚು ಹಣ ಕೊಟ್ಟ ವರ್ಷವೇ ಆದಾಯ ತೆರಿಗೆಯಲ್ಲಿ ಕಳೆಯಲು ಸಿಗುತ್ತದೆ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ, ಬಿಲ್ಲಿನ ಮೇಲೆ ಆ ಸಂಖ್ಯೆ ಮುದ್ರಣವಾಗುವಂತೆ ತಂತ್ರಾಂಶದಲ್ಲಿ ಹಾಕಿಸಿ. ಮಾರ್ಚ್ ತಿಂಗಳಲ್ಲಿ ಹುಬ್ಬಳ್ಳಿಯವರು ತಾವಾಗಿಯೇ ಫೋನ್ ಮಾಡುತ್ತಾರೆ.

ಸಿದ್ಧ ಉಡುಪು, ಹುಬ್ಬಳ್ಳಿ

ಜಗಳ ಹಚ್ಚುವ ಕೆಲಸ ಬೇಡ ಸರ್.

ಹೊಲಿಗೆ ಮನೆ

ನಾನು ಇನ್ನೊಂದು ತುದಿಯವಳು. ಮನೆಯಲ್ಲಿ ನಾಲ್ಕು ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ನನಗೆ ಕೆಲಸ ಕೊಡುವವರೊಬ್ಬರು ಆ್ಯಪ್ ಹಾಕಿದ್ದಾರೆ. ಬಂಡಲ್ ಬಂದಾಗ, ಹೋದಾಗ ನಾನೇ ಒತ್ತಬೇಕು. ಅದರಲ್ಲಿ ಎಲ್ಲವೂ ಇಂಗ್ಲಿಷ್. ಅವರು ಕಳುಹಿಸಿದ ಬಂಡಲ್‌ನಲ್ಲಿ ಎರಡು ಪೀಸ್ ಕಡಿಮೆ ಇದ್ದರೆ ಅದನ್ನು ಹೇಳುವ ಗುಂಡಿಯೇ ಅಲ್ಲಿಲ್ಲ. ‘ಸ್ವೀಕರಿಸಿದೆ’ ಎನ್ನುವುದೊಂದೇ. ವಾರದ ಕೊನೆಗೆ ಆ ಎರಡು ಪೀಸ್ ನನ್ನ ಕೂಲಿಯಲ್ಲಿ ಕತ್ತರಿಸುತ್ತಾರೆ. ಮಾಲೀಕರ ಲೆಕ್ಕ ಸರಿಯಾಗುವ ತಂತ್ರಾಂಶ ಎಲ್ಲರೂ ಹುಡುಕುತ್ತೀರಿ. ನಮ್ಮ ಲೆಕ್ಕವೂ ಅದರಲ್ಲಿ ಬರುವಂತೆ ನೋಡಿ.

ಕಟಿಂಗ್ ಟೇಬಲ್, ಪೀಣ್ಯ

ಅಕ್ಕ ಹೇಳಿದ್ದು ಈ ಚರ್ಚೆಯಲ್ಲೇ ಸರಿಯಾದ ಮಾತು. ಬಂಡಲ್ ಚೀಟಿಯಲ್ಲಿ ಲಾಟ್, ಸೈಜ್, ಶೇಡ್, ಯಾವ ಪದರದಿಂದ ಯಾವ ಪದರದವರೆಗೆ, ಒಟ್ಟು ಎಷ್ಟು ಪೀಸ್ ಎನ್ನುವುದು ಇರಬೇಕು. ಪದರದ ನಂಬರು ಬೇಕಾಗುವುದು ಶೇಡ್ ಬೆರೆಯದಿರಲು: ಒಂದು ಪದರದ ಮುಂಭಾಗಕ್ಕೆ ಇನ್ನೊಂದು ರೋಲಿನ ಹಿಂಭಾಗ ಹೊಲಿದರೆ ಹೊಲಿಯುವಾಗ ಗೊತ್ತಾಗುವುದಿಲ್ಲ, ವಾಷ್ ಆದ ಮೇಲೆ ಎರಡು ನೀಲಿ ಕಾಣುತ್ತದೆ. ಚೀಟಿಯಲ್ಲಿ ಬರೆದಷ್ಟು ಪೀಸ್ ಇಲ್ಲದಿದ್ದರೆ ಹೊಲಿಯುವವರು ಎಣಿಸಿದ ಸಂಖ್ಯೆ ಹಾಕಲು ಪ್ರತ್ಯೇಕ ಜಾಗ ಬೇಕೇ ಬೇಕು.

ಕುಗ್ಗುವಿಕೆಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಶೇ 5 ಕುಗ್ಗುತ್ತದೆ ಎಂದು ನಂಬಿ 32 ಇಂಚಿನ ಒಳಗಾಲಿಗೆ 33.7 ಇಂಚು ಕತ್ತರಿಸಿದಿರಿ. ಅದೇ ಲಾಟಿನಲ್ಲಿ ಶೇ 8 ಕುಗ್ಗುವ ಒಂದು ರೋಲ್ ಸೇರಿದರೆ ಅದರ ಪ್ಯಾಂಟ್ 31 ಇಂಚಿಗೆ ಬಂದು ನಿಲ್ಲುತ್ತದೆ. ಅಂಗಡಿಯವರು ‘ಸೈಜ್ ಸರಿಯಿಲ್ಲ’ ಎಂದು ವಾಪಸ್ ಕಳುಹಿಸುತ್ತಾರೆ, ನೀವು ಹೊಲಿಗೆಯವರನ್ನು ಬೈಯುತ್ತೀರಿ. ಪ್ರತಿ ರೋಲಿನಿಂದ ಒಂದು ತುಂಡು ತೆಗೆದು ವಾಷ್ ಮಾಡಿಸಿ, ಅಳೆದು, ಆ ಸಂಖ್ಯೆಯನ್ನು ರೋಲಿನ ಹೆಸರಿಗೆ ಹಾಕಿ. ಕುಗ್ಗುವಿಕೆ ಹತ್ತಿರ ಹತ್ತಿರ ಇರುವ ರೋಲ್‌ಗಳನ್ನು ಮಾತ್ರ ಒಂದು ಲೇಗೆ ಸೇರಿಸಲು ತಂತ್ರಾಂಶ ಬಿಡಬೇಕು.

ಮುಕ್ತ ದಾರಿ, ಬೆಂಗಳೂರು

ಕನ್ನಡದ ಬಗ್ಗೆ: ಚೀಟಿ, ಚಲನ್ ಕನ್ನಡದಲ್ಲಿ ಮುದ್ರಿಸುವುದು ಇಂದು ಕಷ್ಟವಲ್ಲ, ಯೂನಿಕೋಡ್‌ನಲ್ಲಿ ಬರೆದಿದ್ದರೆ ಸಾಕು. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಹೆಸರುಗಳ ಪಟ್ಟಿಯನ್ನು ಹಾಗೆಯೇ ಅಂಟಿಸಿದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಪರಿವರ್ತಿಸಿಕೊಳ್ಳಿ. ಲೇಬಲ್ ಪ್ರಿಂಟರ್‌ಗಳಲ್ಲಿ ಕೆಲವು ಒತ್ತಕ್ಷರಗಳನ್ನು ಒಡೆದು ಹಾಕುತ್ತವೆ, ಕೊಳ್ಳುವ ಮೊದಲು ‘ಬಳ್ಳಾರಿ’ ಎಂದು ಒಂದು ಸ್ಟಿಕ್ಕರ್ ಹೊಡೆಸಿ ನೋಡಿ.

ಬಳ್ಳಾರಿ ನೀಲಿ

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ತೀರ್ಮಾನ ಇದು. ಟ್ಯಾಲಿ ಗುಮಾಸ್ತರ ಬಳಿ ಹಾಗೆಯೇ ಇರುತ್ತದೆ. ಕಟಿಂಗ್‌ನಿಂದ ಪ್ಯಾಕಿಂಗ್‌ವರೆಗೆ ಮಾತ್ರ ಹೊಸದು. ದೊಡ್ಡ ಪ್ಯಾಕೇಜಿನವರಿಗೆ ಹಬ್ಬದ ಲಾಟಿನ ಕಾಗದದ ಚೀಲ ಕೊಟ್ಟು ತುಂಬಿ ತೋರಿಸಲು ಹೇಳಿದೆ. ‘ನಮ್ಮ ಹೆಡ್ ಆಫೀಸಿನಲ್ಲಿ ಕೇಳಿ ಹೇಳುತ್ತೇನೆ’ ಎಂದರು. ಬಾಡಿಗೆಯವರು ಗುರುವಾರ ಬರುತ್ತಾರೆ. ಇಆರ್‌ಪಿನೆಕ್ಸ್ಟ್ ಅನ್ನು ನನ್ನ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡುತ್ತಿದ್ದಾನೆ. ವಾಷ್ ಆದ ಮೇಲೆ ಲಾಟ್ ಮೂರಾಗುವ ಜಾಗದಲ್ಲಿ ನಿಂತಿದ್ದಾನೆ, ಮುಕ್ತ ದಾರಿಯವರಿಗೆ ಸಂದೇಶ ಕಳುಹಿಸುತ್ತಾನೆ. ಹೊಲಿಗೆ ಮನೆ ಅಕ್ಕ, ಎಣಿಸಿದ ಸಂಖ್ಯೆಯ ಕಾಲಂ ಚೀಟಿಯಲ್ಲಿ ಈ ವಾರದಿಂದಲೇ ಹಾಕಿದ್ದೇವೆ, ಕೈಬರಹದಲ್ಲೇ.

ಕಟಿಂಗ್ ಟೇಬಲ್ ಅಣ್ಣಾ, ಒಂದೇ ಪ್ರಶ್ನೆ ಉಳಿದಿದೆ. ಆ 3.60 ಮೀಟರಿನ ತುಂಡುಗಳನ್ನು ಸ್ಟಾಕಿನಲ್ಲಿ ಹೇಗೆ ತೋರಿಸುವುದು? ಮಾಸ್ಟರ್ ಅವನ್ನೆಲ್ಲ ಒಂದು ಮೂಲೆಯಲ್ಲಿ ಕಟ್ಟಿ ಇಟ್ಟಿದ್ದಾರೆ.

ಕಟಿಂಗ್ ಟೇಬಲ್, ಪೀಣ್ಯ

ಮೂಲ ರೋಲಿನ ನಂಬರಿಗೇ ಒಂದು ಅಕ್ಷರ ಸೇರಿಸಿ ಹೊಸ ರೋಲ್ ಎಂದೇ ಹಾಕಿ. 117 ಇದ್ದರೆ 117-ಬಿ, 3.60 ಮೀಟರ್, ಅದೇ ಶೇಡ್, ಅದೇ ಕುಗ್ಗುವಿಕೆ. ತುಂಡುಗಳಿಗೆಂದು ಎರಡು ಪ್ಯಾಂಟಿನ ಸಣ್ಣ ಮಾರ್ಕರ್ ಒಂದನ್ನು ಮಾಸ್ಟರರ ಕೈಯಲ್ಲಿ ಮಾಡಿಸಿಡಿ. ಒಂದೇ ತುಂಡಿನೊಳಗೆ ಇಡೀ ಪ್ಯಾಂಟ್ ಮುಗಿಯಬೇಕು, ಎರಡು ತುಂಡು ಬೆರೆಸಬಾರದು. ಪಾಕೆಟ್ ಫ್ಲಾಪ್, ಬೆಲ್ಟ್ ಲೂಪ್‌ಗೆ ಉಳಿದದ್ದನ್ನು ಬಳಸಿದರೆ ಅದನ್ನೂ ಬರೆಸಿ. ಮೂಲೆಯಲ್ಲಿ ಕಟ್ಟಿಟ್ಟಿದ್ದಾರೆ ಎಂದರೆ ಮಾಸ್ಟರ್ ರೋಲಿನ ಚೀಟಿಯನ್ನು ತುಂಡಿನ ಜೊತೆ ಇಟ್ಟಿದ್ದಾರೆಯೇ, ಮೊದಲು ಅದನ್ನು ನೋಡಿ.

ಬಳ್ಳಾರಿ ನೀಲಿ

ಇಟ್ಟಿದ್ದಾರೆ. ಎಲ್ಲದಕ್ಕೂ ಪಿನ್ ಚುಚ್ಚಿದ್ದಾರೆ.